ಮಾತ್ರೆಯೋ, ಮಾತಿನ ಚಿಕಿತ್ಸೆಯೋ, ಎರಡೂ ಬೇಕೋ? ಮಕ್ಕಳ ಮನಸ್ಸಿನ ತೊಂದರೆಗೆ ದಾರಿ ಆರಿಸುವಾಗ ನೋಡಬೇಕಾದ್ದು

"ಇಷ್ಟು ಚಿಕ್ಕ ಮಗೂಗೆ ಮನಸ್ಸಿನ ಮಾತ್ರೆನಾ?" ಎನ್ನುವ ಅಮ್ಮ, "ಬರೀ ಮಾತಾಡಿದ್ರೆ ಕಾಯಿಲೆ ಹೋಗತ್ತಾ?" ಎನ್ನುವ ಅಜ್ಜ, ಇಬ್ಬರೂ ಒಂದೇ ಮನೆಯಲ್ಲಿರುತ್ತಾರೆ. ಇಬ್ಬರ ಪ್ರಶ್ನೆಯೂ ನ್ಯಾಯವಾದದ್ದೇ. ಆದರೆ ಎಲ್ಲ ಮಕ್ಕಳಿಗೂ ಹೊಂದುವ ಒಂದೇ ಉತ್ತರ ಇಲ್ಲ. ತೊಂದರೆ ಯಾವುದು, ಎಷ್ಟು ಜೋರಾಗಿದೆ, ಮಗುವಿನ ವಯಸ್ಸೆಷ್ಟು ಎನ್ನುವುದನ್ನು ನೋಡಿ ಉತ್ತರ ಬದಲಾಗುತ್ತದೆ. ಇವಲ್ಲದೆ ಇನ್ನೊಂದಿದೆ, ಸಂಶೋಧನಾ ಲೇಖನಗಳ ಕೋಷ್ಟಕಗಳಲ್ಲಿ ಅದು ಕಾಣುವುದಿಲ್ಲ: ನಿಮ್ಮ ಊರಿನಿಂದ ವಾರವಾರ ಹೋಗಿಬರಬಹುದಾದ ದೂರದಲ್ಲಿ ಯಾವ ಚಿಕಿತ್ಸೆ ಸರಿಯಾಗಿ ಸಿಗುತ್ತದೆ? ಕಳಪೆಯಾಗಿ ಕೊಟ್ಟ ಎರಡು ಚಿಕಿತ್ಸೆಗಿಂತ ಅಚ್ಚುಕಟ್ಟಾಗಿ ಕೊಟ್ಟ ಒಂದೇ ಚಿಕಿತ್ಸೆ ಮೇಲು. ಈ ಬರಹದ ಹೋಲಿಕೆಯೆಲ್ಲ ಆ ಲೆಕ್ಕದ ಮೇಲೆಯೇ ನಡೆಯುತ್ತದೆ.

ಇದು ಅಪರೂಪದ ಸಮಸ್ಯೆಯೇನಲ್ಲ. ಬೆಂಗಳೂರಿನಲ್ಲಿ 0ರಿಂದ 16 ವರ್ಷದ ಮಕ್ಕಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 12.5ರಷ್ಟು ಮಕ್ಕಳಲ್ಲಿ ಯಾವುದಾದರೊಂದು ಮಾನಸಿಕ ತೊಂದರೆ ಕಂಡಿತ್ತು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 13–17ರ ವಯಸ್ಸಿನವರಲ್ಲಿ ಈ ಪ್ರಮಾಣ ಶೇ 7.3. ಮಹಾನಗರಗಳಲ್ಲಿ ಅದು ಸುಮಾರು ಎರಡು ಪಟ್ಟು.

ಮೊದಲು ಹೋಲಿಕೆಗೆ ಪುರುಸೊತ್ತಿಲ್ಲದ ಸ್ಥಿತಿಗಳು

ಸಾಯುವ ಮಾತಾಡುವುದು, ಕೈ ಕೊಯ್ದುಕೊಳ್ಳುವುದು, ಯಾರೂ ಇಲ್ಲದಾಗ ದನಿ ಕೇಳಿಸುವುದು, ಊಟ ಬಿಟ್ಟು ತೂಕ ಇಳಿಯುತ್ತಾ ಹೋಗುವುದು, ದಿನಗಟ್ಟಲೆ ನಿದ್ದೆಯಿಲ್ಲದೆಯೂ ಸುಸ್ತಾಗದೆ ವಿಪರೀತ ಹುರುಪಿನಲ್ಲಿರುವುದು: ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ಮನೋವೈದ್ಯರ ಹತ್ತಿರ ಹೋಗಬೇಕು. ಜೀವಕ್ಕೆ ಅಪಾಯ ಎನಿಸಿದರೆ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ರಾತ್ರಿ ಎರಡು ಗಂಟೆಗೆ ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಮುಂಚೆ ಐದು ನಿಮಿಷದ ಕೆಲಸವೊಂದಿದೆ: ಹೊಲಕ್ಕೆ ತಂದಿಟ್ಟ ಕ್ರಿಮಿನಾಶಕ, ಇಲಿ ಪಾಷಾಣ, ಅಜ್ಜಿಯ ಬಿಪಿ-ಶುಗರ್ ಮಾತ್ರೆಯ ಡಬ್ಬಿ ಇವನ್ನೆಲ್ಲ ಬೀಗದೊಳಗೆ ಹಾಕಿ, ಇಲ್ಲವೇ ಮನೆಯಿಂದಲೇ ಆಚೆ ಸಾಗಿಸಿ. ಸಾಯುವ ಯೋಚನೆ ಹದಿಹರೆಯದವರಲ್ಲಿ ಎಷ್ಟೋ ಸಲ ಸ್ವಲ್ಪ ಹೊತ್ತು ಉಕ್ಕಿ ಇಳಿದುಹೋಗುತ್ತದೆ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. "ಸಾಯಬೇಕು ಅನ್ನಿಸ್ತಾ ಇದೆಯಾ?" ಎಂದು ನೇರವಾಗಿ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆಗೆ ಆಧಾರವಿಲ್ಲ. ಕೇಳಿ.

ಕಾಯಿಲೆಯ ಹೆಸರು ಸರಿಯಿದ್ದರೆ ಮಾತ್ರ ಮುಂದಿನದು ಸರಿ

ಚಿಕಿತ್ಸೆ ಫಲಿಸಲಿಲ್ಲ ಎಂದು ಬರುವ ಮಕ್ಕಳಲ್ಲಿ ಎಷ್ಟೋ ಮಂದಿಗೆ ಮೊದಲ ಹೆಜ್ಜೆಯೇ ತಪ್ಪಿರುತ್ತದೆ. ಓದಲು-ಬರೆಯಲು ಅಡ್ಡಿಯಾಗುವ ಕಲಿಕಾ ನ್ಯೂನತೆಯನ್ನು ಸೋಮಾರಿತನ ಎಂದು ಬೈದಿರುತ್ತಾರೆ. ಆತಂಕದಿಂದ ಚಡಪಡಿಸುವ ಮಗುವಿಗೆ ಗಮನ ನಿಲ್ಲದ, ಒಂದೆಡೆ ಕೂರಲಾಗದ ತೊಂದರೆಯಾದ ಎಡಿಎಚ್‌ಡಿ ಎಂಬ ಹಣೆಪಟ್ಟಿ ಅಂಟಿರುತ್ತದೆ. ಕೆಲವೇ ಸೆಕೆಂಡು ಕಣ್ಣು ನೆಟ್ಟು ನಿಲ್ಲುವ ಒಂದು ಬಗೆಯ ಫಿಟ್ಸ್ ಅನ್ನು "ಕ್ಲಾಸಲ್ಲಿ ಕನಸು ಕಾಣ್ತಾನೆ" ಎಂದು ಟೀಚರ್ ಬರೆದು ಕಳಿಸಿರುತ್ತಾರೆ.

ಹಾಗಾಗಿ ಮೊದಲ ಭೇಟಿಯಲ್ಲಿ ನಡೆಯಬೇಕಾದ ಕೆಲಸ ಬಹಳ. ಅಪ್ಪ-ಅಮ್ಮನ ಜೊತೆ ಮಾತು, ಮಗುವಿನ ಜೊತೆ ಪ್ರತ್ಯೇಕ ಮಾತು, ಶಾಲೆಯಿಂದ ಬರವಣಿಗೆಯಲ್ಲಿ ಮಾಹಿತಿ, ನಿದ್ದೆ ಮತ್ತು ಮೊಬೈಲ್ ಬಳಕೆಯ ಗಂಟೆಗಳು, ಕಿವಿ ಮತ್ತು ಕಣ್ಣಿನ ತಪಾಸಣೆ, ಬೇಕೆನಿಸಿದರೆ ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ. ಹತ್ತು ನಿಮಿಷದಲ್ಲಿ ಇದೆಲ್ಲ ಮುಗಿಯುವುದಿಲ್ಲ. 25 ಪ್ರಶ್ನೆಗಳ ಎಸ್‌ಡಿಕ್ಯೂ ಎಂಬ ಪ್ರಶ್ನಾವಳಿ ಕನ್ನಡದಲ್ಲೂ ಇದೆ. ಅಪ್ಪ-ಅಮ್ಮ ಒಂದು ಪ್ರತಿ, ಟೀಚರ್ ಒಂದು ಪ್ರತಿ ತುಂಬಿ ಫೈಲಿನಲ್ಲಿಟ್ಟುಕೊಂಡು ಹೋದರೆ ಅರ್ಧ ಕೆಲಸ ಆದಂತೆ. ಆದರೆ ಅದು ಜರಡಿ ಮಾತ್ರ. ಅದರ ಅಂಕ ನೋಡಿ ಯಾರೂ ಕಾಯಿಲೆಯ ಹೆಸರು ಹೇಳಬಾರದು. ಬುದ್ಧಿಮತ್ತೆ ಮತ್ತು ಕಲಿಕೆಯ ಪರೀಕ್ಷೆ ಮಗು ದಿನಾ ಬಳಸುವ ಭಾಷೆಯಲ್ಲೇ ನಡೆಯಬೇಕು. ಕನ್ನಡ ಮೀಡಿಯಂನ ಹುಡುಗನಿಗೆ ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿ ಅಂಕ ಕಡಿಮೆ ಬಂತೆಂದರೆ ಅದು ಪರೀಕ್ಷೆಯ ದೋಷ.

ಆತಂಕ: ಇಲ್ಲಿ ಮಾತಿನ ಚಿಕಿತ್ಸೆಗೆ ಮೊದಲ ಮಣೆ

ಸಾಮಾಜಿಕ ಭಯ, ಅಮ್ಮನನ್ನು ಬಿಟ್ಟಿರಲಾರದ ಭಯ, ಎಲ್ಲದಕ್ಕೂ ಚಿಂತೆ: ಈ ಮೂರಕ್ಕೂ ಸೇರಿ ಅಮೆರಿಕದಲ್ಲಿ ನಡೆದ ಕ್ಯಾಮ್ಸ್ ಎಂಬ ದೊಡ್ಡ ಅಧ್ಯಯನ 2008ರಲ್ಲಿ ಪ್ರಕಟವಾಯಿತು. 7ರಿಂದ 17 ವರ್ಷದ 488 ಮಕ್ಕಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿದ್ದರು. 12 ವಾರದ ಕೊನೆಗೆ ಚೆನ್ನಾಗಿ ಸುಧಾರಿಸಿದವರು ಹೀಗೆ: ಯೋಚನೆ ಮತ್ತು ನಡವಳಿಕೆ ಎರಡನ್ನೂ ತಿದ್ದುವ ಸಿಬಿಟಿ ಜೊತೆಗೆ ಸರ್ಟ್ರಾಲೀನ್ ಮಾತ್ರೆಯನ್ನೂ ಪಡೆದವರಲ್ಲಿ ಶೇ 80.7, ಬರೀ ಸಿಬಿಟಿಯಲ್ಲಿ ಶೇ 59.7, ಬರೀ ಮಾತ್ರೆಯಲ್ಲಿ ಶೇ 54.9, ಔಷಧವಿಲ್ಲದ ಹುಸಿಮಾತ್ರೆಯಲ್ಲಿ ಶೇ 23.7. ಅಂದರೆ ಎರಡೂ ಸೇರಿದರೆ ಉತ್ತಮ, ಒಂದೊಂದೇ ಆದರೆ ಹೆಚ್ಚುಕಡಿಮೆ ಸಮ. ಸಮವಾಗಿದ್ದಾಗ ಅಡ್ಡಪರಿಣಾಮ ಕಡಿಮೆ ಇರುವುದನ್ನು ಮೊದಲು ಹಿಡಿಯುವುದು ವಿವೇಕ. ಸೌಮ್ಯ ಮತ್ತು ಮಧ್ಯಮ ಆತಂಕಕ್ಕೆ ಸಿಬಿಟಿಯಿಂದ ಶುರುಮಾಡಿ. ಮಗು ಶಾಲೆಗೇ ಹೋಗುತ್ತಿಲ್ಲ, ರಾತ್ರಿ ಮಲಗುತ್ತಿಲ್ಲ ಎನ್ನುವಷ್ಟು ಮೀರಿದ್ದರೆ ಎರಡನ್ನೂ ಒಟ್ಟಿಗೆ ಶುರುಮಾಡಿ.

ಆದರೆ ಸಿಬಿಟಿ ಎಂಬ ಬೋರ್ಡು ಹಾಕಿದಲ್ಲೆಲ್ಲ ಸಿಬಿಟಿ ಸಿಗುವುದಿಲ್ಲ. "ಧೈರ್ಯವಾಗಿರು, ಪಾಸಿಟಿವ್ ಆಗಿ ಯೋಚಿಸು" ಎಂಬ ಬುದ್ಧಿವಾದ, ಕೊನೆಯಲ್ಲಿ ಹತ್ತು ನಿಮಿಷ ಉಸಿರಾಟದ ಅಭ್ಯಾಸ, ಇಷ್ಟೇ ಆದರೆ ಅದು ಸಿಬಿಟಿ ಅಲ್ಲ. ಕೆಲಸ ಮಾಡುವ ಭಾಗ ಭಯಪಡುವ ಸನ್ನಿವೇಶಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಎದುರಾಗುವುದು. ಎಂಟನೇ ಕ್ಲಾಸಿನ ಹುಡುಗಿಗೆ ನಾಲ್ಕು ಜನರ ಮುಂದೆ ಬಾಯಿಬಿಟ್ಟು ಓದಲು ಭಯ ಎಂದಿಟ್ಟುಕೊಳ್ಳಿ. ಭಯಕ್ಕೆ 0ರಿಂದ 10ರವರೆಗೆ ಅವಳೇ ಅಂಕ ಕೊಡುತ್ತಾಳೆ. ಅಮ್ಮನ ಮುಂದೆ ಒಂದು ಪ್ಯಾರಾ ಗಟ್ಟಿಯಾಗಿ ಓದುವುದಕ್ಕೆ 2. ಅಂಗಡಿಯಲ್ಲಿ ತಾನೇ ಸಾಮಾನು ಕೇಳಿ ಚಿಲ್ಲರೆ ಎಣಿಸಿ ತರುವುದಕ್ಕೆ 4. ಇಬ್ಬರು ಗೆಳತಿಯರ ಮುಂದೆ ಓದುವುದಕ್ಕೆ 5. ಊಟದ ಬಿಡುವಿನಲ್ಲಿ ಖಾಲಿ ಕ್ಲಾಸಿನಲ್ಲಿ ಟೀಚರ್ ಒಬ್ಬರ ಮುಂದೆ ಓದುವುದಕ್ಕೆ 6. ಇಡೀ ಕ್ಲಾಸಿಗೆ ಒಂದು ಸಾಲು ಓದುವುದಕ್ಕೆ 8. ಬೆಳಗಿನ ಪ್ರಾರ್ಥನೆಯಲ್ಲಿ ಪೇಪರಿನ ಸುದ್ದಿ ಓದುವುದಕ್ಕೆ 10. ಒಂದೊಂದು ಮೆಟ್ಟಿಲನ್ನೂ ಅಂಕ ಅರ್ಧಕ್ಕಿಳಿಯುವ ತನಕ ಮತ್ತೆ ಮತ್ತೆ ಮಾಡಬೇಕು. ಕೊನೆಕೊನೆಗೆ ಬೇಕೆಂದೇ ಒಂದು ಪದ ತಪ್ಪಾಗಿ ಓದಿ, ಆಕಾಶವೇನೂ ಬೀಳಲಿಲ್ಲ ಎಂದು ಅವಳೇ ನೋಡುವ ಮೆಟ್ಟಿಲೂ ಇರುತ್ತದೆ.

ಇದು ಕೆಡುವುದು ಮೂರು ಕಡೆ. ಮೆಟ್ಟಿಲು ಹಾರಿ ನೇರ 8ಕ್ಕೆ ತಳ್ಳುತ್ತಾರೆ. ಭಯ ನೆತ್ತಿಗೇರಿದ ಗಳಿಗೆಯಲ್ಲೇ "ಸಾಕು ಬಾ" ಎಂದು ಕರೆದುಕೊಂಡು ಬರುತ್ತಾರೆ. ತಪ್ಪಿಸಿಕೊಂಡರೆ ಭಯ ಹೋಗುತ್ತದೆ ಎಂದು ಮಿದುಳು ಕಲಿಯುತ್ತದೆ. ಮೂರನೆಯದು ಮನೆಯವರ ಅಕ್ಕರೆ. ಅವಳ ಬದಲು ಅಣ್ಣ ಅಂಗಡಿಗೆ ಹೋಗುತ್ತಾನೆ, ಅಪ್ಪ ಶಾಲೆಗೆ ಫೋನ್ ಮಾಡಿ "ಇವಳನ್ನ ಎಬ್ಬಿಸಬೇಡಿ ಸರ್" ಎನ್ನುತ್ತಾರೆ. ಈ ಸಹಾಯ ನಿಲ್ಲದೆ ಯಾವ ಚಿಕಿತ್ಸೆಯೂ ಊರಿಕೊಳ್ಳುವುದಿಲ್ಲ.

ಕ್ಲಿನಿಕ್‌ಗೆ ಬರಲು ಮಗು ಸುತರಾಂ ಒಪ್ಪದಿದ್ದರೆ ಅಪ್ಪ-ಅಮ್ಮನಿಗೆ ಮಾತ್ರ ಕಲಿಸುವ ದಾರಿಯೂ ಇದೆ. ಯೇಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸ್ಪೇಸ್ ಎಂಬ ಈ ವಿಧಾನ 2020ರಲ್ಲಿ ಪ್ರಕಟವಾದ, 124 ಮಕ್ಕಳ ಅಧ್ಯಯನದಲ್ಲಿ ಮಗುವಿಗೇ ಕೊಟ್ಟ ಸಿಬಿಟಿಗಿಂತ ಕಡಿಮೆಯೇನಲ್ಲ ಎಂದು ತೋರಿತು. ಇದರ ತಿರುಳು ಸರಳ: "ನಿನಗೆ ಭಯ ಆಗ್ತಿದೆ ಅಂತ ಗೊತ್ತು, ನೀನು ಅದನ್ನ ತಡೆದುಕೊಳ್ತೀಯ ಅಂತಲೂ ಗೊತ್ತು" ಎಂಬ ಎರಡು ಮಾತು ಒಟ್ಟಿಗೆ ಹೇಳುವುದು, ಒಂದೊಂದೇ ಸಹಾಯವನ್ನು ಮುಂಚೆಯೇ ತಿಳಿಸಿ ಕಡಿಮೆ ಮಾಡುವುದು.

ಗೀಳು: ಯಾರು ಕೊಡುತ್ತಾರೆ ಎಂಬುದೇ ಅರ್ಧ ಚಿಕಿತ್ಸೆ

ಗೀಳು ಅಂದರೆ ಬೇಡದ ಯೋಚನೆ ಮತ್ತೆ ಮತ್ತೆ ಬಂದು ಒಂದೇ ಕೆಲಸ ಪದೇಪದೇ ಮಾಡಿಸುವ ಓಸಿಡಿ. ಅದಕ್ಕೆ 2004ರ ಪಾಟ್ಸ್ ಅಧ್ಯಯನ, 112 ಮಕ್ಕಳು. ಕಾಯಿಲೆಯ ಲಕ್ಷಣ ಹೆಚ್ಚುಕಡಿಮೆ ಮಾಯವಾದವರು: ಎರಡೂ ಸೇರಿದಾಗ ಶೇ 53.6, ಸಿಬಿಟಿಯಲ್ಲಿ ಶೇ 39.3, ಸರ್ಟ್ರಾಲೀನ್‌ನಲ್ಲಿ ಶೇ 21.4, ಹುಸಿಮಾತ್ರೆಯಲ್ಲಿ ಶೇ 3.6. ಮೇಲಿನ ಆತಂಕದ ಅಂಕಿಗಳ ಪಕ್ಕ ಇವನ್ನಿಟ್ಟು "ಗೀಳಿಗೆ ಚಿಕಿತ್ಸೆ ದುರ್ಬಲ" ಎನ್ನಬಾರದು. ಅಲ್ಲಿ ಅಳೆದದ್ದು ಸುಧಾರಣೆ, ಇಲ್ಲಿ ಅಳೆದದ್ದು ಬಿಡುಗಡೆ. ಪತ್ರಿಕೆಗಳಲ್ಲಿ ಬರುವ ಶೇಕಡಾವಾರುಗಳನ್ನು ಹೋಲಿಸುವಾಗ ಈ ಅಳತೆಗೋಲನ್ನು ಮೊದಲು ನೋಡಬೇಕು.

ಪಾಟ್ಸ್‌ನಲ್ಲಿ ಇನ್ನೊಂದು ಸಂಗತಿ ಇದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಬರೀ ಸಿಬಿಟಿ ಪಡೆದ ಮಕ್ಕಳು ಎರಡೂ ಪಡೆದವರಷ್ಟೇ ಸುಧಾರಿಸಿದರು. ಡ್ಯೂಕ್ ವಿಶ್ವವಿದ್ಯಾಲಯದ ಕೇಂದ್ರದಲ್ಲಿ ಹಾಗಾಗಲಿಲ್ಲ. ಕೈಪಿಡಿ ಒಂದೇ, ಕೊಟ್ಟ ಕೈ ಬೇರೆ. ಗೀಳಿಗೆ ಬೇಕಾದ ಚಿಕಿತ್ಸೆಯಲ್ಲಿ ಮಗು ಕೊಳೆ ಮುಟ್ಟಿ ಕೈ ತೊಳೆಯದೆ ಕೂರಬೇಕು, ಅದೂ ಚಡಪಡಿಕೆ ತಾನಾಗಿ ಇಳಿಯುವವರೆಗೆ. ಇದನ್ನು ಮಾಡಿಸುವ ತರಬೇತಿ ಇದೆಯೇ ಎಂದು ಕೇಳಿಯೇ ಸೇರಿಸಿ. ಅಂಥವರು ಸಿಗದ ಊರಲ್ಲಿದ್ದರೆ ಮಾತ್ರೆಯಿಂದ ಶುರುಮಾಡುವುದು ಸೋಲಲ್ಲ. ಗೀಳಿಗೆ ಮಾತ್ರೆಯ ಪ್ರಮಾಣ ಹೆಚ್ಚು ಬೇಕಾಗುತ್ತದೆ, ಫಲ ನಿಧಾನ. 10–12 ವಾರ ಕಾಯದೆ "ಕೆಲಸ ಮಾಡಲಿಲ್ಲ" ಎಂದು ಬದಲಿಸಬಾರದು.

ನಮ್ಮಲ್ಲೊಂದು ವಿಶೇಷ ತೊಡಕಿದೆ. ಮಡಿ-ಮೈಲಿಗೆ ಪಾಲಿಸುವ ಮನೆಯಲ್ಲಿ ಗೀಳು ಭಕ್ತಿಯ ಹೆಸರಿನಲ್ಲಿ ವರ್ಷಗಟ್ಟಲೆ ಅಡಗಿರಬಲ್ಲದು. ಮಡಿಗೆ ಒಂದು ಲೆಕ್ಕ ಇದೆ, ಸ್ನಾನ ಮುಗಿದರೆ ಮುಗಿಯಿತು. ಗೀಳಿಗೆ ಮುಕ್ತಾಯವಿಲ್ಲ: ಒಂದು ಗಂಟೆ ಸ್ನಾನ ಮಾಡಿಯೂ ಮಗು "ಅಮ್ಮಾ, ಸರಿ ಆಯ್ತಾ?" ಎಂದು ಹತ್ತು ಸಲ ಕೇಳುತ್ತದೆ. ಅಮ್ಮ ಹತ್ತು ಸಲ "ಆಯ್ತು" ಎನ್ನುವುದೂ ಕಾಯಿಲೆಗೆ ಗೊಬ್ಬರವೇ.

ಖಿನ್ನತೆ: ಅಂಕಿಗಳನ್ನು ಕೊನೆಯವರೆಗೆ ಓದಿ

ಟ್ಯಾಡ್ಸ್ ಅಧ್ಯಯನದಲ್ಲಿ 12–17 ವರ್ಷದ, ಮಧ್ಯಮದಿಂದ ತೀವ್ರ ಖಿನ್ನತೆಯ 439 ಮಂದಿ ಇದ್ದರು. 2004ರಲ್ಲಿ ಪ್ರಕಟವಾದಂತೆ 12 ವಾರದ ಕೊನೆಗೆ ಚೆನ್ನಾಗಿ ಸುಧಾರಿಸಿದವರು: ಫ್ಲೂಆಕ್ಸೆಟಿನ್ ಮತ್ತು ಸಿಬಿಟಿ ಸೇರಿದಾಗ ಶೇ 71, ಬರೀ ಫ್ಲೂಆಕ್ಸೆಟಿನ್ ಶೇ 60.6, ಬರೀ ಸಿಬಿಟಿ ಶೇ 43.2, ಹುಸಿಮಾತ್ರೆ ಶೇ 34.8. ಇಲ್ಲಿಗೇ ನಿಲ್ಲಿಸಿದವರು "ಖಿನ್ನತೆಗೆ ಸಿಬಿಟಿ ಪ್ರಯೋಜನವಿಲ್ಲ" ಎಂದರು. ಆದರೆ 36ನೇ ವಾರದ ಹೊತ್ತಿಗೆ ಎರಡೂ ಸೇರಿದವರಲ್ಲಿ ಶೇ 86, ಮಾತ್ರೆಯಲ್ಲಿ ಶೇ 81, ಸಿಬಿಟಿಯಲ್ಲೂ ಶೇ 81. ಮಾತ್ರೆಯಿಂದ ಸಿಕ್ಕಿದ್ದು ವೇಗ. ಪಬ್ಲಿಕ್ ಪರೀಕ್ಷೆಯ ವರ್ಷದಲ್ಲಿ ಕೆಲವು ತಿಂಗಳು ಮೊದಲೇ ಚೇತರಿಸಿಕೊಳ್ಳುವುದು ಸಣ್ಣ ಸಂಗತಿಯಲ್ಲ. ಅದೇ ಅಧ್ಯಯನದಲ್ಲಿ ಆತ್ಮಹತ್ಯೆಗೆ ಸಂಬಂಧಿಸಿದ ಘಟನೆಗಳು ಬರೀ ಮಾತ್ರೆಯ ಗುಂಪಿನಲ್ಲಿ ಶೇ 14.7, ಎರಡೂ ಸೇರಿದವರಲ್ಲಿ ಶೇ 8.4, ಸಿಬಿಟಿಯಲ್ಲಿ ಶೇ 6.3. ಮಾತ್ರೆಯ ಜೊತೆ ಮಾತಿನ ಚಿಕಿತ್ಸೆ ಬೇಕು ಎನ್ನುವುದಕ್ಕೆ ಈ ಅಂಕಿ ಸುಧಾರಣೆಯ ಶೇಕಡಾವಾರಿಗಿಂತ ಬಲವಾದ ಕಾರಣ.

ಬ್ರಿಟನ್ನಿನ ಅಡಾಪ್ಟ್ ಅಧ್ಯಯನದಲ್ಲಿ 208 ಹದಿಹರೆಯದವರಿಗೆ ಮಾತ್ರೆ ಮತ್ತು ನಿಯಮಿತ ವೈದ್ಯಭೇಟಿಯ ಮೇಲೆ ಸಿಬಿಟಿ ಸೇರಿಸಿದಾಗ ಹೆಚ್ಚಿನ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿನ ಮಕ್ಕಳ ಕಾಯಿಲೆ ಹೆಚ್ಚು ತೀವ್ರವಾಗಿತ್ತು, ಮತ್ತು "ಬರೀ ಮಾತ್ರೆ" ಎಂಬ ಗುಂಪಿಗೂ ಕಾಳಜಿಯ ಭೇಟಿಗಳು ಸಿಗುತ್ತಿದ್ದವು. ಮೂರು ತಿಂಗಳಿಗೊಮ್ಮೆ ಚೀಟಿ ಬರೆಸಿಕೊಂಡು ಬರುವುದು ಅದಕ್ಕೆ ಸಮವಲ್ಲ.

ಸೌಮ್ಯ ಖಿನ್ನತೆಗೆ ಮಾತ್ರೆಯಿಂದ ಶುರುಮಾಡಬಾರದು ಎಂದು ಬ್ರಿಟನ್ನಿನ ನೈಸ್ ಮಾರ್ಗಸೂಚಿ ಹೇಳುತ್ತದೆ. ನಿದ್ದೆ ಸರಿಪಡಿಸುವುದು, ಬಿಟ್ಟುಬಿಟ್ಟ ಆಟ-ಗೆಳೆತನವನ್ನು ವೇಳಾಪಟ್ಟಿ ಹಾಕಿ ಮತ್ತೆ ಹಿಡಿಸುವುದು, ಬೆದರಿಕೆ-ಹೊಡೆತ ಎಲ್ಲಿಂದ ಬರುತ್ತಿದೆ ಎಂದು ಪತ್ತೆಮಾಡಿ ನಿಲ್ಲಿಸುವುದು ಮೊದಲ ಕೆಲಸ.

ಮಾತ್ರೆ ಬೇಕಾದರೆ ಯಾವುದು? 2016ರಲ್ಲಿ 14 ಔಷಧಗಳನ್ನು ಒಟ್ಟಿಗೆ ತೂಗಿದ ವಿಶ್ಲೇಷಣೆಯಲ್ಲಿ ಮಕ್ಕಳ ಖಿನ್ನತೆಗೆ ಹುಸಿಮಾತ್ರೆಗಿಂತ ಮೇಲು ಎನಿಸಿದ್ದು ಫ್ಲೂಆಕ್ಸೆಟಿನ್ ಒಂದೇ. ಅಮೆರಿಕದಲ್ಲಿ ಮಕ್ಕಳ ಖಿನ್ನತೆಗೆ ಅನುಮತಿ ಇರುವುದು 8 ವರ್ಷದ ಮೇಲೆ ಫ್ಲೂಆಕ್ಸೆಟಿನ್‌ಗೆ, 12ರ ಮೇಲೆ ಎಸ್ಸಿಟಾಲೊಪ್ರಾಮ್‌ಗೆ. ಪ್ಯಾರಾಕ್ಸೆಟಿನ್ ವಿಷಯದಲ್ಲಿ ಎಚ್ಚರ. ಅದು ಹದಿಹರೆಯದವರಿಗೆ ಫಲಕಾರಿ ಎಂದು 2001ರಲ್ಲಿ ಪ್ರಕಟವಾದ "ಸ್ಟಡಿ 329"ರ ಮೂಲ ದಾಖಲೆಗಳನ್ನೇ ಮತ್ತೆ ಕೆದಕಿ ನೋಡಿದಾಗ ಫಲವೂ ಇರಲಿಲ್ಲ, ಅಪಾಯವೂ ಇತ್ತು ಎಂದು 2015ರಲ್ಲಿ ಹೊರಬಂತು. ಒಂದೇ ಅಧ್ಯಯನ ನಂಬಿ ಔಷಧ ಬರೆಯಬಾರದು ಎನ್ನುವುದಕ್ಕೆ ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಪಾಠ ಇಲ್ಲ.

ಫ್ಲೂಆಕ್ಸೆಟಿನ್ ಸಾಮಾನ್ಯವಾಗಿ ದಿನಕ್ಕೆ 10 ಮಿ.ಗ್ರಾಂನಿಂದ ಶುರುವಾಗಿ 20ಕ್ಕೆ ಏರುತ್ತದೆ. ಬೆಳಿಗ್ಗೆ ತಿಂಡಿಯಾದ ಮೇಲೆ ಕೊಡುತ್ತಾರೆ. ರಾತ್ರಿ ಕೊಟ್ಟರೆ ಕೆಲವರಿಗೆ ನಿದ್ದೆ ಕೆಡುತ್ತದೆ. ಮೊದಲ ವಾರ ಹೊಟ್ಟೆ ತೊಳಸು, ತಲೆನೋವು ಬರಬಹುದು. ಫಲ ಕಾಣಲು 4–6 ವಾರ ಬೇಕು. 2004ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಖಿನ್ನತೆಯ ಮಾತ್ರೆಗಳೆಲ್ಲದರ ಮೇಲೆ ಹಾಕಿದ ಕಪ್ಪು ಚೌಕಟ್ಟಿನ ಎಚ್ಚರಿಕೆಗೆ ಆಧಾರ ಇದು: ಎಲ್ಲ ಅಧ್ಯಯನ ಸೇರಿಸಿ ನೋಡಿದಾಗ ಆತ್ಮಹತ್ಯೆಯ ಯೋಚನೆ ಅಥವಾ ಪ್ರಯತ್ನ ಔಷಧ ಪಡೆದವರಲ್ಲಿ ಸುಮಾರು ಶೇ 4, ಹುಸಿಮಾತ್ರೆಯವರಲ್ಲಿ ಶೇ 2, ಸಾವು ಯಾವುದೂ ಇರಲಿಲ್ಲ. ಹಾಗೆಂದು ತೀವ್ರ ಖಿನ್ನತೆಗೆ ಮಾತ್ರೆ ನಿರಾಕರಿಸುವುದು ಸುರಕ್ಷಿತವಲ್ಲ, ಚಿಕಿತ್ಸೆಯಿಲ್ಲದ ಖಿನ್ನತೆಯೇ ದೊಡ್ಡ ಅಪಾಯ. ಮಾಡಬೇಕಾದ್ದು ಮೊದಲ ತಿಂಗಳು ವಾರಕ್ಕೊಮ್ಮೆ ಭೇಟಿ ಅಥವಾ ಫೋನ್. ಇದ್ದಕ್ಕಿದ್ದಂತೆ ಸಿಡುಕು, ಕೂತಲ್ಲಿ ಕೂರಲಾರದ ತಳಮಳ, ನಿದ್ದೆಯಿಲ್ಲದ ಉತ್ಸಾಹ ಕಂಡರೆ ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ.

ಎಡಿಎಚ್‌ಡಿ: ಇಲ್ಲಿ ಲೆಕ್ಕ ತಿರುಗುಮುರುಗು

ಆತಂಕಕ್ಕೆ ಮೊದಲು ಮಾತು ಎಂದದ್ದು ಇಲ್ಲಿ ಹೊಂದುವುದಿಲ್ಲ. 1999ರ ಎಂಟಿಎ ಅಧ್ಯಯನದಲ್ಲಿ 7ರಿಂದ 9 ವರ್ಷದ 579 ಮಕ್ಕಳನ್ನು 14 ತಿಂಗಳು ನೋಡಿದರು. ಗಮನ ಕೊಡುವುದು, ಒಂದೆಡೆ ಕೂರುವುದು, ಈ ಮೂಲ ಲಕ್ಷಣಗಳಲ್ಲಿ ಸರಿಯಾಗಿ ನಿಭಾಯಿಸಿದ ಔಷಧ, ತೀವ್ರ ನಡವಳಿಕೆ ತರಬೇತಿಗಿಂತ ಮೇಲಾಯಿತು. ಎರಡೂ ಸೇರಿಸಿದ್ದರಿಂದ ಮೂಲ ಲಕ್ಷಣಗಳಲ್ಲಿ ಹೆಚ್ಚಿನ ಲಾಭ ಆಗಲಿಲ್ಲ. ಹಟ, ಆತಂಕ, ಮನೆಯ ಸಂಬಂಧಗಳಲ್ಲಿ ಸ್ವಲ್ಪ ಆಯಿತು.

ಅದಕ್ಕಿಂತ ಗಮನಿಸಬೇಕಾದದ್ದು ನಾಲ್ಕನೆಯ ಗುಂಪು. ಆ ಮಕ್ಕಳನ್ನು ಊರಿನ ವೈದ್ಯರ ಬಳಿ ಮಾಮೂಲಿ ಚಿಕಿತ್ಸೆಗೆ ಬಿಟ್ಟಿದ್ದರು. ಅವರಲ್ಲೂ ಮೂರರಲ್ಲಿ ಎರಡು ಪಾಲಿನಷ್ಟು ಮಕ್ಕಳು ಔಷಧ ತೆಗೆದುಕೊಳ್ಳುತ್ತಿದ್ದರು, ಆದರೂ ಹಿಂದುಳಿದರು. ವ್ಯತ್ಯಾಸ ಇದ್ದದ್ದು ನಿಭಾಯಿಸುವುದರಲ್ಲಿ: ಅಧ್ಯಯನದ ಗುಂಪಿನಲ್ಲಿ ತಿಂಗಳಿಗೊಮ್ಮೆ ಅರ್ಧ ಗಂಟೆಯ ಭೇಟಿ, ಟೀಚರ್ ಕೊಟ್ಟ ಮಾಹಿತಿ ನೋಡಿ ಪ್ರಮಾಣ ಸರಿಹೊಂದಿಸುವುದು ಇತ್ತು. ಮೂರನೇ ವರ್ಷದ ಹೊತ್ತಿಗೆ ಗುಂಪುಗಳ ಅಂತರ ಅಳಿಸಿಹೋಗಿತ್ತು ಎಂಬುದೂ ಸತ್ಯ. ಔಷಧ ಕೆಲಸ ಮಾಡುವುದು ಕೊಟ್ಟಷ್ಟು ದಿನ, ಸರಿಯಾಗಿ ಕೊಟ್ಟಷ್ಟು ದಿನ.

ವಯಸ್ಸು ಇಲ್ಲಿ ಗೆರೆ ಎಳೆಯುತ್ತದೆ. 4–5 ವರ್ಷದವರಿಗೆ ಮೊದಲು ಅಪ್ಪ-ಅಮ್ಮನಿಗೆ ತರಬೇತಿ. ಒಮ್ಮೆಗೆ ಒಂದೇ ಸೂಚನೆ, ಕಣ್ಣು ಸೇರಿಸಿ. ಸರಿಯಾಗಿ ಮಾಡಿದ ಕೂಡಲೇ ಮೆಚ್ಚುಗೆ. ಸಂಜೆಗೆ ಕೂಡಿಸಿ ಲೆಕ್ಕ ಹಾಕುವ ಸ್ಟಾರ್ ಚಾರ್ಟು. "ವಾರ ಪೂರ್ತಿ ಒಳ್ಳೆಯವನಾಗಿದ್ರೆ ಸೈಕಲ್" ಎಂಬ ಆಮಿಷ ಈ ಮಕ್ಕಳಿಗೆ ನಡೆಯುವುದಿಲ್ಲ, ವಾರ ಅವರಿಗೆ ತೀರಾ ದೂರ. 6 ದಾಟಿದ ಮೇಲೆ ತೊಂದರೆ ಮಧ್ಯಮ-ತೀವ್ರ ಇದ್ದರೆ ಔಷಧದ ಮಾತು ಬರುತ್ತದೆ.

ಔಷಧಗಳಲ್ಲಿ ಆಯ್ಕೆ ಮುಖ್ಯವಾಗಿ ಎರಡು. ಮೀಥೈಲ್‌ಫೆನಿಡೇಟ್ ಅದೇ ದಿನ ಕೆಲಸ ಶುರುಮಾಡುತ್ತದೆ, ಸಾದಾ ಮಾತ್ರೆ ಸುಮಾರು 4 ಗಂಟೆ ಇರುತ್ತದೆ, ನಿಧಾನಕ್ಕೆ ಬಿಡುಗಡೆಯಾಗುವ ಬಗೆ ಶಾಲೆಯ ಹೊತ್ತು ಪೂರ್ತಿ ಸಾಲುತ್ತದೆ. ಹಸಿವು ಕಡಿಮೆಯಾಗುವುದು ಇದರ ದೊಡ್ಡ ತಕರಾರು. ಮಾತ್ರೆಗೆ ಮುಂಚೆ ಹೊಟ್ಟೆತುಂಬಾ ತಿಂಡಿ, ಸಂಜೆ ಪರಿಣಾಮ ಇಳಿದ ಮೇಲೆ ಇನ್ನೊಂದು ಗಟ್ಟಿ ಊಟ ಎಂದು ಅಡುಗೆಮನೆಯ ವೇಳೆ ಬದಲಿಸಿಕೊಂಡರೆ ಬಹುಪಾಲು ಸುಧಾರಿಸುತ್ತದೆ. ಮಧ್ಯಾಹ್ನದ ಡಬ್ಬಿ ಹಾಗೇ ವಾಪಸ್ ಬಂದರೆ ಗದರಬೇಡಿ. ಕಾಯ್ದೆಯ ಕಟ್ಟುನಿಟ್ಟಿನಲ್ಲಿ ಬರುವ ಔಷಧವಾದ್ದರಿಂದ ಎಲ್ಲ ಮೆಡಿಕಲ್ ಶಾಪಿನಲ್ಲಿ ಇಡುವುದಿಲ್ಲ. ಮುಗಿಯುವ ಒಂದು ವಾರ ಮೊದಲೇ ವಿಚಾರಿಸಿ. ಎರಡನೆಯದು ಅಟಾಮಾಕ್ಸೆಟಿನ್: ದೇಹತೂಕದ ಪ್ರತಿ ಕಿಲೋಗೆ 0.5 ಮಿ.ಗ್ರಾಂನಿಂದ ಶುರುಮಾಡಿ 1.2ಕ್ಕೆ ಏರಿಸುತ್ತಾರೆ, ಪೂರ್ಣ ಫಲಕ್ಕೆ ವಾರಗಟ್ಟಲೆ ಬೇಕು, ದಿನವಿಡೀ ಇರುತ್ತದೆ, ಶಕ್ತಿ ಸ್ವಲ್ಪ ಕಡಿಮೆ. ಜೊತೆಗೆ ಜರ್ಕು (ಕಣ್ಣು, ಮುಖ, ಭುಜ ತಾನಾಗಿ ಹಾರುವ ಟಿಕ್) ಅಥವಾ ತೀವ್ರ ಆತಂಕ ಇರುವ ಮಗುವಿಗೆ, ಮೀಥೈಲ್‌ಫೆನಿಡೇಟ್ ಸಿಗುವುದೇ ಕಷ್ಟವಾದ ಊರಿನವರಿಗೆ ಇದು ಹೊಂದುತ್ತದೆ. ಯಾವುದಾದರೂ ಸರಿ, ಶುರುವಿಗೆ ಮುಂಚೆ ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದಿಂದ ಹಠಾತ್ ಸಾವು ಆಗಿದೆಯೇ ಎಂದು ಹೇಳಿ. ಎತ್ತರ, ತೂಕ, ನಾಡಿ, ಬಿಪಿ ಪ್ರತಿ ಭೇಟಿಯಲ್ಲೂ ಬರೆಸಿ.

ಆಟಿಸಂ ಬಗ್ಗೆ ಒಂದೇ ಮಾತು: ಅದರ ಮೂಲ ಲಕ್ಷಣಗಳಿಗೆ ಔಷಧವಿಲ್ಲ. ವಿಪರೀತ ಸಿಡುಕು, ತನಗೇ ಹೊಡೆದುಕೊಳ್ಳುವುದಕ್ಕೆ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಇದೆ, ತೂಕ ಮತ್ತು ಶುಗರ್ ಮೇಲೆ ಕಣ್ಣಿಟ್ಟು. ಸ್ಟೆಮ್ ಸೆಲ್ ಚಿಕಿತ್ಸೆ ಎಂದು ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲೇ ಅದನ್ನು ಆಟಿಸಂಗೆ ಶಿಫಾರಸು ಮಾಡುವುದಿಲ್ಲ ಎಂದಿದೆ.

ಯಾರ ಹತ್ತಿರ, ಎಲ್ಲಿ

ಮನೋವೈದ್ಯರು ಎಂಬಿಬಿಎಸ್ ಮೇಲೆ ಮನೋವೈದ್ಯಶಾಸ್ತ್ರ ಓದಿದವರು, ಔಷಧ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆ ಮಾಡಿ ಸಿಬಿಟಿಯಂಥ ಚಿಕಿತ್ಸೆ ಕೊಡುವವರು. ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಕೇಳಲು ಸಂಕೋಚ ಬೇಡ. ಕೌನ್ಸೆಲರ್ ಎಂಬ ಹೆಸರನ್ನು ಮಾತ್ರ ವಾರಾಂತ್ಯದ ಕೋರ್ಸ್ ಮುಗಿಸಿದವರೂ ಹಾಕಿಕೊಳ್ಳುತ್ತಿರುತ್ತಾರೆ. ಒಳ್ಳೆಯ ಕೌನ್ಸೆಲರ್ ಸೌಮ್ಯ ತೊಂದರೆಗೆ, ಪರೀಕ್ಷೆಯ ಒತ್ತಡಕ್ಕೆ ಧಾರಾಳ ಸಾಕು. ಓದಿದ್ದು ಎಲ್ಲಿ, ಮಕ್ಕಳ ಜೊತೆ ಅನುಭವ ಎಷ್ಟು, ಕೈಮೀರಿದರೆ ಯಾರಿಗೆ ಕಳಿಸುತ್ತಾರೆ ಎಂಬ ಮೂರು ಪ್ರಶ್ನೆ ಕೇಳಿ. ಮೂರನೆಯದಕ್ಕೆ ಉತ್ತರ ಇಲ್ಲದವರನ್ನು ಬಿಡಿ.

ಸರ್ಕಾರಿ ದಾರಿಗಳು ಹಲವು ಇದ್ದರೂ ಜನಕ್ಕೆ ಗೊತ್ತಿರುವುದು ಕಡಿಮೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ, ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಬರುವ ಮನೋವೈದ್ಯರು, ಹದಿಹರೆಯದವರಿಗಾಗಿ ಇರುವ ಸ್ನೇಹ ಕ್ಲಿನಿಕ್, ಬೆಳವಣಿಗೆ ನಿಧಾನವಾದ ಚಿಕ್ಕ ಮಕ್ಕಳಿಗೆ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರ, ಮಾತು-ಕಿವಿಯ ಪ್ರಶ್ನೆ ಇದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಉತ್ತರದ ಜಿಲ್ಲೆಗಳಿಗೆ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೇ ಪ್ರತ್ಯೇಕ ವಿಭಾಗವಿದೆ. ದೂರದ ಊರಿನವರಿಗೆ ನಡೆಯುವ ಏರ್ಪಾಡು ಇದು: ಕಾಯಿಲೆ ಗುರುತಿಸುವುದು, ಯೋಜನೆ ಹಾಕುವುದು ದೊಡ್ಡ ಸಂಸ್ಥೆಯಲ್ಲಿ, ತಿಂಗಳ ಔಷಧ, ತೂಕ, ಬಿಪಿ ಹತ್ತಿರದ ಆಸ್ಪತ್ರೆಯಲ್ಲಿ, ಮಾತಿನ ಚಿಕಿತ್ಸೆ ವಿಡಿಯೊ ಕರೆಯಲ್ಲಿ. ವಿಡಿಯೊ ಕರೆಗೆ ಬಾಗಿಲು ಮುಚ್ಚುವ ಒಂದು ಕೋಣೆ ಬೇಕು. ಹಾಲ್‌ನಲ್ಲಿ ಅಜ್ಜಿ ಟಿವಿ ನೋಡುತ್ತಾ ಕೂತಿದ್ದರೆ ಹದಿನೈದರ ಹುಡುಗ ಬಾಯಿ ಬಿಡುವುದಿಲ್ಲ.

ಗುಟ್ಟಿನ ಗಡಿಯನ್ನು ಮೊದಲ ದಿನವೇ ಮಗು, ಅಪ್ಪ-ಅಮ್ಮ, ಚಿಕಿತ್ಸಕರು ಎಲ್ಲರೂ ಕೂತು ಮಾತಾಡಿಕೊಳ್ಳಬೇಕು. ಮಗು ಹೇಳಿದ್ದೆಲ್ಲ ಅಪ್ಪ-ಅಮ್ಮನಿಗೆ ಬರುವುದಿಲ್ಲ. ಜೀವಕ್ಕೆ ಅಪಾಯ ಇದ್ದರೆ ಬರುತ್ತದೆ. ಲೈಂಗಿಕ ದೌರ್ಜನ್ಯ ತಿಳಿದುಬಂದರೆ ಪೋಕ್ಸೋ ಕಾಯ್ದೆಯ ಪ್ರಕಾರ ವರದಿ ಮಾಡಲೇಬೇಕು.

ಆಸ್ಪತ್ರೆಗೆ ಸೇರಿಸಿಕೊಂಡು ಚಿಕಿತ್ಸೆ ಕೊಡುವುದು ಬಹುಪಾಲು ಮಕ್ಕಳಿಗೆ ಬೇಕಾಗುವುದಿಲ್ಲ. ಬೇಕಾದಾಗ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗಟ್ಟಿಯಾದ ರಕ್ಷಣೆ ಕೊಟ್ಟಿದೆ: ಇಬ್ಬರು ತಜ್ಞರು ಬೇರೆಬೇರೆಯಾಗಿ ನೋಡಿ ಒಪ್ಪಬೇಕು, ಮಗುವನ್ನು ದೊಡ್ಡವರ ಜೊತೆ ಇಡಬಾರದು, ಮನೆಯವರೋ ಅವರು ನೇಮಿಸಿದವರೋ ಒಬ್ಬರು ಇಡೀ ಅವಧಿ ಜೊತೆಗಿರಬೇಕು, 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ತಿಳಿಸಬೇಕು. "ಮಗೂನ ಬಿಟ್ಟು ಹೋಗಿ, ಸರಿಮಾಡಿ ಕಳಿಸ್ತೀವಿ" ಎನ್ನುವ ಜಾಗ ಕಾನೂನಿಗೆ ಹೊರಗಿನದು.

ಶಾಲೆಯವರಿಗೆ

ಬಿಹಾರದ ನಳಂದಾ ಜಿಲ್ಲೆಯ 74 ಪ್ರೌಢಶಾಲೆಗಳಲ್ಲಿ ಶಾಲೆಯ ವಾತಾವರಣ ಸುಧಾರಿಸುವ ಕಾರ್ಯಕ್ರಮದ ಬಗ್ಗೆ ನಡೆದ ಸೆಹೆರ್ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅದೇ ಕಾರ್ಯಕ್ರಮವನ್ನು ತರಬೇತಿ ಕೊಟ್ಟ ಸ್ಥಳೀಯ ಸಲಹೆಗಾರರು ನಡೆಸಿದಾಗ ಶಾಲೆಯ ವಾತಾವರಣ ಸುಧಾರಿಸಿತು, ಖಿನ್ನತೆ ಮತ್ತು ಹಿಂಸೆ ತಗ್ಗಿದವು. ಶಿಕ್ಷಕರಿಗೇ ವಹಿಸಿದಾಗ ಫಲ ಕಾಣಲಿಲ್ಲ. ಪಾಠ, ಮೌಲ್ಯಮಾಪನ, ಗಣತಿ, ಬಿಸಿಯೂಟದ ಲೆಕ್ಕದ ನಡುವೆ ಶಿಕ್ಷಕರ ತಲೆಗೆ ಇದನ್ನೂ ಕಟ್ಟಿದರೆ ಇನ್ನೇನಾದೀತು. ಎಲ್ಲ ಮಕ್ಕಳಿಗೂ ಧ್ಯಾನ ಕಲಿಸಿದರೆ ಆಯಿತು ಎಂಬ ಯೋಚನೆಗೆ ಬ್ರಿಟನ್ನಿನಲ್ಲಿ 8 ಸಾವಿರಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಮಿರಿಯಡ್ ಅಧ್ಯಯನ 2022ರಲ್ಲಿ ತಣ್ಣೀರೆರಚಿತು. ಮಾಮೂಲಿ ಪಾಠಕ್ಕಿಂತ ಅದು ಮೇಲೇನೂ ಆಗಲಿಲ್ಲ. ಹಣ ಒಂದಕ್ಕೇ ಇದ್ದರೆ ಒಬ್ಬ ತರಬೇತಾದ, ಮಕ್ಕಳಿಗೆ ಬಾಗಿಲು ತೆರೆದಿರುವ ವ್ಯಕ್ತಿಗೆ ಕೊಡಿ.

ಬದಲಿಸುವುದು ಯಾವಾಗ, ನಿಲ್ಲಿಸುವುದು ಯಾವಾಗ

ಸಿಬಿಟಿಗೆ ಎಂಟು ಭೇಟಿ ಆದಮೇಲೂ ಮೆಟ್ಟಿಲ ಪಟ್ಟಿ, ಮನೆಗೆಲಸ, ಅಂಕ ಯಾವುದೂ ಇಲ್ಲವಾದರೆ ಚಿಕಿತ್ಸಕರನ್ನು ಬದಲಿಸಿ, ಚಿಕಿತ್ಸೆಯನ್ನಲ್ಲ. ಎಲ್ಲ ಇದ್ದೂ ಫಲವಿಲ್ಲದಿದ್ದರೆ ಮಾತ್ರೆ ಸೇರಿಸುವ ಮಾತಾಡಿ. ಖಿನ್ನತೆ-ಆತಂಕದ ಮಾತ್ರೆ ಸರಿಯಾದ ಪ್ರಮಾಣದಲ್ಲಿ 6–8 ವಾರ ಕೊಟ್ಟೂ ಏನೂ ಆಗದಿದ್ದರೆ ಪ್ರಮಾಣವನ್ನೋ ಔಷಧವನ್ನೋ ಬದಲಿಸುವ ಮುಂಚೆ ಎರಡು ಪ್ರಶ್ನೆ: ಮಗು ನಿಜವಾಗಿ ನುಂಗುತ್ತಿದೆಯೇ? ಕಾಯಿಲೆಯ ಹೆಸರು ಸರಿಯೇ?

ಖಿನ್ನತೆ ಪೂರ್ತಿ ಇಳಿದ ಮೇಲೂ ಮಾತ್ರೆ ಸಾಮಾನ್ಯವಾಗಿ 6ರಿಂದ 12 ತಿಂಗಳು ಮುಂದುವರಿಯುತ್ತದೆ, ಆಮೇಲೆ ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಎಸ್ಸೆಸ್ಸೆಲ್ಸಿ, ಪಿಯು ಪರೀಕ್ಷೆಯ ಮುಂಚಿನ ತಿಂಗಳುಗಳಲ್ಲಾಗಲಿ, ಹಾಸ್ಟೆಲಿಗೆ ಸೇರುವ ಜೂನಿನಲ್ಲಾಗಲಿ ನಿಲ್ಲಿಸಲು ಹೋಗಬೇಡಿ. ಎಡಿಎಚ್‌ಡಿ ಔಷಧ ಇನ್ನೂ ಬೇಕೇ ಎಂದು ವರ್ಷಕ್ಕೊಮ್ಮೆ ವೈದ್ಯರ ಜೊತೆ ಕೂತು ನೋಡಬೇಕು. ಪ್ರಯೋಗಕ್ಕೆ ಬಿಟ್ಟು ನೋಡುವುದಾದರೆ ಶಾಲೆ ನಡೆಯುತ್ತಿರುವ ಎರಡು ಸಾದಾ ವಾರ ಆರಿಸಿ. ರಜೆಯಲ್ಲಿ ಬಿಟ್ಟರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಊರು ಬದಲಿಸುವಾಗ ಫೈಲಿನಲ್ಲಿ ಕಾಯಿಲೆಯ ಹೆಸರು, ಕೊಟ್ಟ ಔಷಧ, ಗರಿಷ್ಠ ಪ್ರಮಾಣ, ಎಷ್ಟು ವಾರ, ಬಿಟ್ಟ ಕಾರಣ ಇಷ್ಟನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಹೊಸ ವೈದ್ಯರು ಎಲ್ಲವನ್ನೂ ಮೊದಲಿಂದ ಶುರುಮಾಡುವುದು ತಪ್ಪುತ್ತದೆ.